ದಾರದ ಧಣಿಗಳೂ ಧರ್ಮದ ಕಟ್ಟಡಗಳೂ

ಕಸೂತಿ ಹಾಕುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ‘ಆಂಕರ್’ ಗುರುತಿನ ದಾರದ ಲಡಿ ಒಂದಾದರೂ ಇದ್ದೇ ಇರುತ್ತದೆ. ಧಾರವಾಡದ ಕಡೆಯ ತಾಯಂದಿರು ಬಟ್ಟೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆಗಳನ್ನು ಎತ್ತುವಾಗಲೂ, ಶಾಲೆಯ ಹುಡುಗಿ ಕರವಸ್ತ್ರದ ಮೂಲೆಗೆ ಹೂವು ಹೊಲಿಯುವಾಗಲೂ ಪೇಟೆಯಿಂದ ತರಿಸುವ ದಾರ ಅದು. ಅದರ ಮೇಲೆ ಹಡಗಿನ ಲಂಗರು ಏಕಿದೆ, ಎಲ್ಲಿಂದ ಬಂತು ಎಂದು ನಮ್ಮಲ್ಲಿ ಕೇಳಿದವರು ಕಡಿಮೆ. ಅದು ಬಂದದ್ದು ಸ್ಕಾಟ್ಲೆಂಡ್ ದೇಶದ ಪೇಸ್ಲಿ ಎಂಬ ಊರಿನಿಂದ. ಆ ಊರಿನಲ್ಲಿ ಕ್ಲಾರ್ಕ್ ಮನೆತನದವರ ದಾರದ ಗಿರಣಿಗೆ ಆಂಕರ್ ಮಿಲ್ಸ್ ಎಂದೇ ಹೆಸರು. ಅದೇ ಊರಿನ ಇನ್ನೊಂದು ಕಡೆಗೆ, ಫರ್ಗಸ್ಲಿ ಎಂಬಲ್ಲಿ, ಕೋಟ್ಸ್ ಮನೆತನದವರ ಗಿರಣಿ. ಈ ಎರಡು ಮನೆತನಗಳು ಸೇರಿ ಒಂದು ಕಾಲಕ್ಕೆ ಪ್ರಪಂಚದ ಹೊಲಿಗೆ ದಾರದ ವ್ಯಾಪಾರದಲ್ಲಿ ದೊಡ್ಡ ಪಾಲನ್ನು ಅಂಗೈಯಲ್ಲಿ ಹಿಡಿದಿದ್ದವು.

ದಾರದ ಕಂಪನಿಯ ಚರಿತ್ರೆ ನಮ್ಮ ಪತ್ರಿಕೆಗೆ ಏಕೆ ಎಂದು ಬಂಧುಗಳು ಕೇಳಬಹುದು. ಕಾರಣವಿದೆ. “ನಮ್ಮ ಧಣಿ ದೇವರಂಥವರು. ತಂಗಿಯ ಮದುವೆಗೆ ದುಡ್ಡು ಕೊಟ್ಟರು, ಊರ ದೇವಸ್ಥಾನದ ಜೀರ್ಣೋದ್ಧಾರ ಮಾಡಿಸಿದರು. ಅವರ ಮುಂದೆ ಹೋಗಿ ಹಾಜರಿ ಪುಸ್ತಕ, ಪ್ರಾವಿಡೆಂಟ್ ಫಂಡ್ ಎಂದು ಬಾಯಿಬಿಡುವುದು ಹೇಗೆ?” ಎನ್ನುವವರು ನಮ್ಮ ಹೊಟೇಲು ಕಾರ್ಮಿಕರಲ್ಲಿ ಇಂದಿಗೂ ಅನೇಕರಿದ್ದಾರೆ. ಈ ಮಾತನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಅದರಲ್ಲಿ ಉಪ್ಪಿನ ಋಣವಿದೆ, ಊರಿನ ನಂಟಿದೆ. ಆದರೆ ಧರ್ಮಿಷ್ಠ ಧಣಿಗಳ ನೆರಳಿನಲ್ಲಿ ಒಂದೂಮುಕ್ಕಾಲು ಶತಮಾನ ಬದುಕಿದ ಊರೊಂದಕ್ಕೆ ಕಡೆಗೆ ಏನಾಯಿತೆಂಬುದನ್ನು ತಿಳಿದುಕೊಂಡು ಆಮೇಲೆ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ಪೇಸ್ಲಿ ಗ್ಲಾಸ್ಗೋ ನಗರದ ಪಕ್ಕದ ಊರು. ಮೊದಲಿಗೆ ಅದು ನೇಕಾರರ ಊರು. ನಮ್ಮ ಕಾಶ್ಮೀರದ ಶಾಲುಗಳನ್ನು ಕಂಡು ಮರುಳಾದ ಯೂರೋಪಿನ ಹೆಂಗಸರಿಗೆ ಅದೇ ಮಾದರಿಯ ಶಾಲನ್ನು ಅಗ್ಗದ ಬೆಲೆಗೆ ನೇಯ್ದು ಕೊಟ್ಟದ್ದರಿಂದ ಆ ಊರಿಗೆ ಹೆಸರು ಬಂತು. ಎಷ್ಟರ ಮಟ್ಟಿಗೆಂದರೆ, ನಮ್ಮ ಸೀರೆಯಂಚಿನ ಮಾವಿನಕಾಯಿ ಬುಟ್ಟಾವನ್ನು ಇಂಗ್ಲಿಷಿನವರು ಇವತ್ತಿಗೂ ‘ಪೇಸ್ಲಿ’ ಎಂದೇ ಕರೆಯುತ್ತಾರೆ. ಮಾವು ನಮ್ಮದು, ಹೆಸರು ಅವರದು! ಆ ನೇಕಾರರು ಓದುಬರಹ ಬಲ್ಲವರು, ರಾಜಕೀಯದ ಚರ್ಚೆ ಮಾಡುವವರು, ಹಾಡು ಕಟ್ಟುವವರು. ರಾಬರ್ಟ್ ಟಾನಾಹಿಲ್ ಎಂಬ ಕವಿ ಆ ಊರಿನ ಮಗ್ಗದ ಮುಂದೆ ಕುಳಿತು ದುಡಿದವನೇ. ಜೇಡರ ದಾಸಿಮಯ್ಯನ ನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1806ರಲ್ಲಿ ಫ್ರಾನ್ಸಿನ ನೆಪೋಲಿಯನ್, ಬ್ರಿಟನ್ನಿನೊಡನೆ ಯೂರೋಪಿನವರು ಯಾರೂ ವ್ಯಾಪಾರ ಮಾಡಕೂಡದೆಂದು ಕಟ್ಟಪ್ಪಣೆ ಹೊರಡಿಸಿದ. ರೇಷ್ಮೆ ಬರುವುದು ನಿಂತಿತು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ಕುಣಿಕೆಗಳನ್ನು ಆ ಕಾಲಕ್ಕೆ ರೇಷ್ಮೆಯ ಹುರಿಯಿಂದ ಮಾಡುತ್ತಿದ್ದರು. ರೇಷ್ಮೆಯಿಲ್ಲದೆ ಮಗ್ಗ ನಡೆಯದು. ಆಗ ಪ್ಯಾಟ್ರಿಕ್ ಕ್ಲಾರ್ಕ್ ಎಂಬಾತ ಹತ್ತಿಯ ಎಳೆಗಳನ್ನೇ ಸೇರಿಸಿ ಹುರಿಮಾಡಿ, ರೇಷ್ಮೆಯ ಜಾಗಕ್ಕೆ ನಿಲ್ಲುವಂಥ ನುಣುಪಾದ ಗಟ್ಟಿ ದಾರವನ್ನು ತಯಾರಿಸಿದ. ಮಗ್ಗದ ಕುಣಿಕೆಗೆ ಆಗುವ ದಾರ ಸೂಜಿಯ ಕಣ್ಣಿಗೂ ಆದೀತಲ್ಲ! 1812ರಲ್ಲಿ ಕ್ಲಾರ್ಕರು ಸೀಡ್‌ಹಿಲ್ ಎಂಬಲ್ಲಿ ಹೊಲಿಗೆ ದಾರದ ಕಾರ್ಖಾನೆಯನ್ನೇ ತೆರೆದರು. ಅದುವರೆಗೆ ದಾರವನ್ನು ಲಡಿ ಕಟ್ಟಿ ಮಾರುತ್ತಿದ್ದರು. ಜೇಮ್ಸ್ ಕ್ಲಾರ್ಕ್ ಅದನ್ನು ಮರದ ರೀಲಿಗೆ ಸುತ್ತಿ ಕೊಡತೊಡಗಿದ. ರೀಲಿಗೆಂದು ಅರ್ಧ ಪೆನ್ನಿ ಹೆಚ್ಚಿಗೆ. ಖಾಲಿ ರೀಲನ್ನು ತಂದುಕೊಟ್ಟರೆ ಆ ಅರ್ಧ ಪೆನ್ನಿ ವಾಪಸು. ನಮ್ಮಲ್ಲಿ ಸೋಡಾ ಬಾಟ್ಲಿಗೆ ಇಡುತ್ತಿದ್ದ ಠೇವಣಿಯ ಹಾಗೆ. ಅರ್ಧ ಪೆನ್ನಿಯ ಲೆಕ್ಕವನ್ನೂ ಬಿಡದ ಜನ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಕೋಟ್ಸ್ ಮನೆತನದ ಮೂಲಪುರುಷ ಜೇಮ್ಸ್ ಕೋಟ್ಸ್. ಇವನೂ ನೇಕಾರಿಕೆಯಿಂದ ಮೇಲೆ ಬಂದವನು. ಶಾಲುಗಳ ವ್ಯಾಪಾರದಲ್ಲಿ ಕೈಗೂಡಿಸಿಕೊಂಡು 1826ರಲ್ಲಿ ಫರ್ಗಸ್ಲಿಯಲ್ಲಿ ದಾರದ ಗಿರಣಿ ಕಟ್ಟಿಸಿದ. ನಾಲ್ಕೇ ವರ್ಷಕ್ಕೆ, 1830ರಲ್ಲಿ, ವ್ಯವಹಾರವನ್ನು ಮಕ್ಕಳ ಕೈಗೆ ಬಿಟ್ಟ. ಮಕ್ಕಳಾದ ಜೇಮ್ಸ್ ಮತ್ತು ಪೀಟರ್ ಇವರ ಹೆಸರಿನ ಮೊದಲಕ್ಷರಗಳೇ ‘ಜೆ. ಅಂಡ್ ಪಿ. ಕೋಟ್ಸ್’. ಇನ್ನೊಬ್ಬ ಮಗ ಥಾಮಸ್ ಯಂತ್ರಗಳ ಕಡೆ ನಿಂತ, ಮತ್ತೊಬ್ಬ ಆಂಡ್ರೂ ಅಮೆರಿಕಕ್ಕೆ ಹಡಗು ಹತ್ತಿ ಅಲ್ಲಿಯ ಮಾರಾಟ ನೋಡಿಕೊಂಡ. ಒಬ್ಬ ಗಲ್ಲಾದ ಮೇಲೆ, ಒಬ್ಬ ಅಡಿಗೆಮನೆಯಲ್ಲಿ, ಒಬ್ಬ ಇನ್ನೊಂದು ಊರಿನ ಶಾಖೆಯಲ್ಲಿ! ಅಣ್ಣತಮ್ಮಂದಿರು ಹೊಟೇಲು ನಡೆಸುವುದನ್ನು ಕಂಡಿರುವ ನಮಗೆ ಈ ಪದ್ಧತಿ ಹೊಸದಲ್ಲ.

ಇಲ್ಲಿ ಕೆಲಸದ ಮಾತು ಸ್ವಲ್ಪ ಹೇಳಬೇಕು. ಗಿರಣಿಯಲ್ಲಿ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದ ಹಿರಿಯರಿಗೆ ಗೊತ್ತು, ನೇಯುವ ನೂಲೇ ಬೇರೆ, ಹೊಲಿಯುವ ದಾರವೇ ಬೇರೆ. ನೇಯುವ ನೂಲು ಒಂಟಿ ಎಳೆಯದ್ದಾದರೂ ನಡೆಯುತ್ತದೆ. ಬಟ್ಟೆಯಲ್ಲಿ ಅಕ್ಕಪಕ್ಕದ ಎಳೆಗಳು ಅದನ್ನು ಹಿಡಿದುಕೊಳ್ಳುತ್ತವೆ. ಹೊಲಿಗೆಯ ದಾರಕ್ಕೆ ಅಂಥ ಆಸರೆಯಿಲ್ಲ. ಯಂತ್ರದ ಸೂಜಿ ಅದನ್ನು ನಿಮಿಷಕ್ಕೆ ನೂರಾರು ಸಲ ಬಟ್ಟೆಯೊಳಗೆ ಎಳೆದು ಜಗ್ಗುತ್ತದೆ. ಆದ್ದರಿಂದ ಎರಡೆರಡು ಎಳೆ ಸೇರಿಸಿ ಒಮ್ಮೆ ಹುರಿ ಹಾಕಬೇಕು. ಅಂಥ ಮೂರನ್ನು ಸೇರಿಸಿ ಎದುರು ದಿಕ್ಕಿಗೆ ಮತ್ತೊಮ್ಮೆ ಹುರಿ ಹಾಕಬೇಕು. ಇದೇ ಆರೆಳೆಯ ದಾರ. ಕಡೆಯ ಹುರಿ ಎಡಕ್ಕಿರಬೇಕು. ಬಲಕ್ಕಿದ್ದರೆ ಹೊಲಿಗೆ ಯಂತ್ರ ಅದನ್ನು ಬಿಚ್ಚಿಬಿಡುತ್ತದೆ. ಆಮೇಲೆ ಗ್ಯಾಸಿನ ಉರಿಯ ಮೇಲೆ ವೇಗವಾಗಿ ಓಡಿಸಿ ಮೇಲಿನ ನವಿರು ಕೂದಲನ್ನು ಸುಡಬೇಕು. ಬಣ್ಣ, ಮೆರುಗು, ಬಾಬಿನ್, ರೀಲು, ಚೀಟಿ, ಡಬ್ಬಿ. ಅಂಗಿಯ ಬೆಲೆಯಲ್ಲಿ ದಾರದ ಪಾಲು ಬಿಡಿಕಾಸು. ಆದರೆ ದಾರ ಹರಿದರೆ ಅಂಗಿಯೇ ಹೋಯಿತು. ಆದ್ದರಿಂದ ದರ್ಜಿಯಾದವನು ಒಂದು ಮಾರ್ಕಿನ ಮೇಲೆ ನಂಬಿಕೆ ಇಟ್ಟನೆಂದರೆ ಕಾಸು ಹೆಚ್ಚಾದರೂ ಅದನ್ನು ಬಿಡುವುದಿಲ್ಲ. ದಾರದ ಧಣಿಗಳ ಐಶ್ವರ್ಯದ ಗುಟ್ಟು ಇಷ್ಟೇ.

1850ರ ಈಚೆಗೆ ಹೊಲಿಗೆ ಯಂತ್ರ ಬಂದದ್ದೇ ತಡ, ದಾರದ ಬೇಡಿಕೆ ಮಳೆಗಾಲದ ಹೊಳೆಯಂತೆ ಏರಿತು. ಕೋಟ್ಸರ ದಾರದ ಬಹುಪಾಲು ಅಮೆರಿಕಕ್ಕೆ ಹೋಗುತ್ತಿತ್ತು. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ ಅಮೆರಿಕದ ಸರಕಾರ ಪರದೇಶದ ಮಾಲಿಗೆ ಭಾರಿ ಸುಂಕ ಹಾಕಿತು. ಕ್ಲಾರ್ಕರು ಕೂಡಲೇ ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ ಗಿರಣಿ ಹಾಕಿದರು. ಕೋಟ್ಸರು 1869ರಲ್ಲಿ ರೋಡ್ ಐಲೆಂಡಿನ ಪಾಟಕೆಟ್ ಎಂಬಲ್ಲಿಯ ಗಿರಣಿಯೊಂದಕ್ಕೆ ಪಾಲುದಾರರಾಗಿ ಅಲ್ಲಿಯೇ ದಾರ ತೆಗೆಯತೊಡಗಿದರು. ಮುಂದೆ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲೂ ಗಿರಣಿಯಾಯಿತು. ಅದನ್ನು 1917ರ ಕ್ರಾಂತಿಯ ನಂತರ ಕಳೆದುಕೊಂಡರು. ನಾನು ಒತ್ತಿ ಹೇಳುವುದೇನೆಂದರೆ, ಪೇಸ್ಲಿಯಲ್ಲಿ ಧಣಿಗಳು ಉದ್ಯಾನ, ಗ್ರಂಥಾಲಯಗಳನ್ನು ಕಟ್ಟಿಸುತ್ತಿದ್ದ ಅದೇ ವರ್ಷಗಳಲ್ಲಿ ಅವರ ಯಂತ್ರಗಳು ಲಾಭವಿರುವ ಕಡೆಗೆ ಹಡಗು ಹತ್ತುವುದನ್ನು ಕಲಿತಾಗಿತ್ತು. ಕಂಪನಿ ಊರಿಗೆ ಕಟ್ಟುಬಿದ್ದಿದೆ ಎಂದು ನಂಬಿದ್ದವರು ಊರಿನವರು ಮಾತ್ರ.

ಪೈಪೋಟಿಯ ಕಥೆಯೂ ಹಾಗೆಯೇ. ಹೊರಗೆ ನೋಡುವವರಿಗೆ ಕೋಟ್ಸರೂ ಕ್ಲಾರ್ಕರೂ ಹಾವು ಮುಂಗುಸಿಗಳು. 1889ರಲ್ಲಿ ಕೋಟ್ಸ್, ಕ್ಲಾರ್ಕ್, ಇಂಗ್ಲೆಂಡಿನ ಬ್ರೂಕ್ ಈ ಮೂವರೂ ಸೇರಿ ಮಾರಾಟಕ್ಕೆಂದು ಒಂದೇ ಏಜೆನ್ಸಿ ಮಾಡಿಕೊಂಡರು. ಮರುವರ್ಷ ಕೋಟ್ಸ್ 57½ ಲಕ್ಷ ಪೌಂಡು ಬಂಡವಾಳದ ಪಬ್ಲಿಕ್ ಕಂಪನಿಯಾಯಿತು. 1896ರ ಹೊತ್ತಿಗೆ ಕ್ಲಾರ್ಕ್, ಬ್ರೂಕ್, ಚಾಡ್ವಿಕ್ ಎಲ್ಲರೂ ಕೋಟ್ಸರ ಹೊಟ್ಟೆಯೊಳಗೆ. ಉಳಿದ ಸಣ್ಣ ದಾರದವರು 1897ರಲ್ಲಿ ಇಂಗ್ಲಿಷ್ ಸೂಯಿಂಗ್ ಕಾಟನ್ ಎಂಬ ಬೇರೊಂದು ಕೂಟ ಕಟ್ಟಿಕೊಂಡರೆ, ಅದರಲ್ಲೂ ಕೋಟ್ಸರ ಷೇರು! 1912ರಲ್ಲಿ ಷೇರುಪೇಟೆಯ ಬೆಲೆಯಿಂದ ಎಣಿಸಿದರೆ ಪ್ರಪಂಚದ ಕೈಗಾರಿಕಾ ಕಂಪನಿಗಳಲ್ಲಿ ಇದಕ್ಕೆ ಮೂರನೆಯ ಸ್ಥಾನ. ಮುಂದಿನ ಎರಡು ಉಕ್ಕಿನದೂ ಎಣ್ಣೆಯದೂ. ಮೂರನೆಯದು ಬರಿಯ ದಾರದ್ದು. ಕೂಟ ಕಟ್ಟುವ ಈ ಅಭ್ಯಾಸ ರಕ್ತದಲ್ಲಿಯೇ ಉಳಿಯಿತೋ ಏನೋ, 2005ರಲ್ಲಿ ಯೂರೋಪಿನ ಆಯೋಗವು ಒಳಗೊಳಗೇ ಬೆಲೆ ಗೊತ್ತುಮಾಡಿಕೊಂಡ ದಾರದ ತಯಾರಕರಿಗೆ ದಂಡ ಹಾಕಿದಾಗ ಆ ಪಟ್ಟಿಯಲ್ಲಿ ಕೋಟ್ಸ್ ಹೆಸರೂ ಇತ್ತು. ಮಾಲೀಕರು ಒಟ್ಟುಗೂಡಿದರೆ ಅದು ವ್ಯವಹಾರಜ್ಞಾನ, ಆಳುಗಳು ಒಟ್ಟುಗೂಡಿದರೆ ಅದು ಕೃತಘ್ನತೆ! ಈ ನ್ಯಾಯವನ್ನು ಯಾರು ಬರೆದರೋ ತಿಳಿಯದು.

ಇನ್ನು ದುಡಿದವರ ಮಾತು. ಉಚ್ಛ್ರಾಯದ ಕಾಲದಲ್ಲಿ ಪೇಸ್ಲಿಯ ದಾರದ ಗಿರಣಿಗಳಲ್ಲಿ ಹತ್ತು ಸಾವಿರದಷ್ಟು ಜನ ಕೆಲಸ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಹುಡುಗಿಯರು. ಶಾಲಿನ ಫ್ಯಾಷನ್ನು ಇಳಿದು ನೇಕಾರ ಗಂಡಸರ ಮಗ್ಗಗಳು ಮೂಲೆ ಸೇರಿದಾಗ ಅವರ ಹೆಣ್ಣುಮಕ್ಕಳು ಗಿರಣಿಯ ಬಾಗಿಲಿಗೆ ಬಂದರು. 1874ರ ಫ್ಯಾಕ್ಟರಿ ಕಾನೂನು ವಾರಕ್ಕೆ 56½ ಗಂಟೆಯ ಮಿತಿ ಹಾಕಿತೆಂದರೆ ಅದಕ್ಕೆ ಮುಂಚೆ ಎಷ್ಟಿದ್ದಿರಬೇಕು, ಊಹಿಸಿಕೊಳ್ಳಿ. ಅರ್ಧದಿನದ ಮಕ್ಕಳು ಎಂಬ ಒಂದು ವರ್ಗವೇ ಇತ್ತು. ಅರ್ಧ ದಿನ ಗಿರಣಿ, ಉಳಿದರ್ಧ ಶಾಲೆ. ಫರ್ಗಸ್ಲಿಯ ಗಿರಣಿಯ ಬಾಗಿಲಲ್ಲೇ 1887ರಲ್ಲಿ ಕೋಟ್ಸರು ಇಂಥ ಮಕ್ಕಳಿಗಾಗಿ ಅರಮನೆಯಂಥ ಶಾಲೆ ಕಟ್ಟಿಸಿದರು. ಕಟ್ಟಡ ಸುಂದರವಾಗಿತ್ತು, ಸಂದೇಹವಿಲ್ಲ. ಬೆಳಿಗ್ಗೆಯಿಂದ ಬಾಬಿನ್ ಹೊತ್ತು ಬಂದ ಮಗುವಿನ ತಲೆಗೆ ಮಧ್ಯಾಹ್ನದ ಪಾಠ ಎಷ್ಟು ಹತ್ತಿತೆಂಬುದು ಬೇರೆ ಮಾತು.

ಇದನ್ನು ಓದುವಾಗ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ನೆನಪಿಗೆ ಬಾರದಿರುವುದು ಸಾಧ್ಯವೇ? ಮಂಗಳೂರಿನಿಂದ ಹಡಗಿನಲ್ಲಿ ಬಂದು, ಹಗಲೆಲ್ಲ ಕಪ್ಪು ಬಶಿ ತೊಳೆದು, ಸಂಜೆ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದ ಹುಡುಗರು ನಮ್ಮಲ್ಲಿ ಎಷ್ಟು ಮಂದಿ! ಮುಂದೆ ಬ್ಯಾಂಕು, ಕಚೇರಿ ಸೇರಿದವರೂ ಸ್ವಂತ ಹೊಟೇಲು ತೆರೆದವರೂ ಅವರಲ್ಲಿದ್ದಾರೆ. ಒಂದು ವ್ಯತ್ಯಾಸ ಮಾತ್ರ ಗಮನಿಸತಕ್ಕದ್ದು. ಪೇಸ್ಲಿಯ ಅರ್ಧದಿನದ ಶಾಲೆ ಗಿರಣಿಯ ಆವರಣಕ್ಕೆ ಸೇರಿದ್ದು. ನಮ್ಮ ರಾತ್ರಿ ಶಾಲೆಗಳನ್ನು ಊರಿನವರ ಸಂಘಗಳು ಕಟ್ಟಿ ನಡೆಸಿದವು. ಧಣಿಗಳು ದೇಣಿಗೆ ಕೊಟ್ಟರು ನಿಜ, ಆದರೆ ರಿಜಿಸ್ಟರು ಸಂಘದ ಕೈಯಲ್ಲಿತ್ತು. ಒಂದು ಹೊಟೇಲು ಬಿಟ್ಟು ಇನ್ನೊಂದಕ್ಕೆ ಹೋದ ಹುಡುಗನ ಹೆಸರು ಶಾಲೆಯ ಹಾಜರಿಯಿಂದ ಹಾರಿಹೋಗುತ್ತಿರಲಿಲ್ಲ.

ಧಣಿಗಳ ಧರ್ಮಕಾರ್ಯದ ಪಟ್ಟಿ ಉದ್ದವಾಗಿದೆ, ಮುಚ್ಚಿಡುವುದು ನ್ಯಾಯವಲ್ಲ. 1868ರಲ್ಲಿ ಥಾಮಸ್ ಕೋಟ್ಸ್ ಊರಿಗೆ ಕಾರಂಜಿಗಳ ಉದ್ಯಾನ ಕೊಟ್ಟ. 1871ರಲ್ಲಿ ಪೀಟರ್ ಕೋಟ್ಸ್ ಕೊಟ್ಟ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ. 1882ರಲ್ಲಿ ಕ್ಲಾರ್ಕ್ ಮನೆತನದ ಹಣದಿಂದ ಟೌನ್ ಹಾಲ್. 1883ರಲ್ಲಿ ಥಾಮಸ್ ಕೋಟ್ಸ್ ಹಣದಿಂದ ಗ್ರಹತಾರೆಗಳನ್ನು ನೋಡುವ ವೀಕ್ಷಣಾಲಯ. ಅವನು ತೀರಿಕೊಂಡ ಮೇಲೆ ಅವನ ನೆನಪಿಗೆ 1894ರಲ್ಲಿ ಭಾರಿ ದೇವಾಲಯ. ಆ ಮನೆತನದ ಕಿರಿಯ ಜೇಮ್ಸ್ ಕೋಟ್ಸ್ ಉತ್ತರದ ಗುಡ್ಡಗಾಡಿನ, ದ್ವೀಪಗಳ ಬಡ ಶಾಲೆಗಳಿಗೆ ಪುಸ್ತಕದ ಬೀರುಗಳನ್ನು ಕಳಿಸಿಕೊಟ್ಟ. ಇದನ್ನು ನೆನೆದರೆ ನನಗೂ ತಲೆಬಾಗಬೇಕೆನ್ನಿಸುತ್ತದೆ. ಹಣವಿದ್ದ ಎಷ್ಟು ಜನ ಇಂಥ ಕೆಲಸ ಮಾಡಿದ್ದಾರೆ? ಗಿರಣಿಯ ಆಳಿನ ಮಗಳೊಬ್ಬಳು ದೂರದರ್ಶಕಕ್ಕೆ ಕಣ್ಣಿಟ್ಟು ಶನಿಗ್ರಹದ ಬಳೆಯನ್ನು ನೋಡಿದ್ದರೆ ಅದು ಸಣ್ಣ ಉಪಕಾರವಲ್ಲ.

ಆದರೂ ಒಂದು ಲೆಕ್ಕ ಕೇಳಲೇಬೇಕಾಗಿದೆ. ಆ ಮನೆತನದಲ್ಲಿ ಒಬ್ಬರಲ್ಲ, ಅನೇಕರು ಹತ್ತು ಲಕ್ಷ ಪೌಂಡಿಗೂ ಮೇಲ್ಪಟ್ಟ ಆಸ್ತಿ ಬಿಟ್ಟು ತೀರಿಕೊಂಡರು. ವೀಕ್ಷಣಾಲಯದ ಬಾಗಿಲ ಮೇಲೆ ಕೋಟ್ಸ್ ಹೆಸರಿದೆ, ಟೌನ್ ಹಾಲಿನ ಮೇಲೆ ಕ್ಲಾರ್ಕ್ ಹೆಸರಿದೆ. ಹುರಿ ಹಾಕಿದವಳ, ಬಾಬಿನ್ ಬದಲಿಸಿದವಳ ಹೆಸರು ಎಲ್ಲಿದೆ? ಪಗಾರದ ಪುಸ್ತಕದಲ್ಲಿ. ದಾನ ಕೊಡುವವನು ಏನು ಕೊಡಬೇಕು, ಯಾವಾಗ ಕೊಡಬೇಕು, ಯಾರ ಹೆಸರಿನಲ್ಲಿ ಕೊಡಬೇಕು ಎಂಬುದನ್ನು ತಾನೇ ಗೊತ್ತುಮಾಡುತ್ತಾನೆ. ಪಗಾರದ ವಿಷಯದಲ್ಲಿ ಆಳಿಗೂ ಒಂದು ಮಾತಿದೆ. 1910ರಲ್ಲಿ ಪೇಸ್ಲಿಯಿಂದ ಅನತಿದೂರದ ನೀಲ್ಸ್ಟನ್ ಎಂಬ ಊರಿನ ದಾರದ ಗಿರಣಿಯ ಹೆಣ್ಣುಮಕ್ಕಳು ಆ ಮಾತನ್ನು ಆಡಿದರು. ಯಂತ್ರ ನಿಲ್ಲಿಸಿ ಬೀದಿಗಿಳಿದರು. ಉದ್ಯಾನ ಬೇಕೆಂದು ಇಳಿದವರಲ್ಲ, ಕೂಲಿಯ ದರಕ್ಕಾಗಿ ಇಳಿದವರು.

ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇನೆ. ಕಂಪನಿ 1960ರಲ್ಲಿ ಪ್ಯಾಟನ್ಸ್ ಅಂಡ್ ಬಾಲ್ಡ್‌ವಿನ್ಸ್ ಎಂಬ ಉಣ್ಣೆ ನೂಲಿನ ಕಂಪನಿಯೊಡನೆ ಸೇರಿತು, 1986ರಲ್ಲಿ ವಂಟೋನ ವಿಯೆಲ್ಲ ಎಂಬ ಬಟ್ಟೆಯ ಕಂಪನಿಯೊಡನೆ ಸೇರಿತು. ಮನೆತನದ ಕೈ ಎಂದೋ ಸಡಿಲಿತ್ತು. ದಾರ ತೆಗೆಯುವ ಕೆಲಸ ಅಗ್ಗದ ಕೂಲಿಯ ದೇಶಗಳಿಗೆ ಹೊರಟಿತು. 1983ರಲ್ಲಿ ಫರ್ಗಸ್ಲಿಯ ಗಿರಣಿ ಮುಚ್ಚಿತು. 1993ರಲ್ಲಿ ಆಂಕರ್ ಮಿಲ್ಸ್ ಮುಚ್ಚಿತು. ಪೇಸ್ಲಿಯಲ್ಲಿ ದಾರದ ಕೆಲಸ ಅಲ್ಲಿಗೆ ಸಮಾಪ್ತಿ. ಫರ್ಗಸ್ಲಿಯ ದೊಡ್ಡ ಗಿರಣಿಯನ್ನು ಕೆಡವಿದರು, ಆಂಕರ್ ಮಿಲ್ಸಿನ ಉಳಿದ ಕಟ್ಟಡಗಳು ಕಚೇರಿಗಳೂ ವಸತಿಗಳೂ ಆದವು. ಕಂಪನಿ ಮುಳುಗಿತೆಂದು ತಿಳಿಯಬೇಡಿ. ಅದು ಇಂದಿಗೂ ಪ್ರಪಂಚದ ಅತಿ ದೊಡ್ಡ ದಾರದ ಕಂಪನಿ. ಮುಳುಗಿದ್ದು ಊರಿನ ಕೂಲಿ. ಪರಳ, ಲಾಲಬಾಗ, ವರಳಿಗಳನ್ನು ಬಲ್ಲ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾದ್ದಿಲ್ಲ.

ಈ ದಾರದ ಇನ್ನೊಂದು ತುದಿ ನಮ್ಮ ದೇಶದಲ್ಲಿದೆ. ಆಂಡ್ರೂ ಹಾರ್ವೆ, ಫ್ರಾಂಕ್ ಹಾರ್ವೆ ಎಂಬ ಸ್ಕಾಟ್ಲೆಂಡಿನ ಅಣ್ಣತಮ್ಮಂದಿರು ತಿರುನೆಲ್ವೇಲಿಯ ಕಡೆಗೆ ಬಂದು 1885ರಲ್ಲಿ ತಾಮ್ರಪರ್ಣಿ ನದಿಯ ಪಾಪನಾಶಂ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಿದರು. ಆಮೇಲೆ 1888ರಲ್ಲಿ ತೂತ್ತುಕುಡಿಯಲ್ಲಿ ಕೋರಲ್ ಮಿಲ್ಸ್, 1892ರಲ್ಲಿ ಮಧುರೆಯಲ್ಲಿ ಮಧುರಾ ಮಿಲ್ಸ್. ಪಾಪನಾಶಂ ಗಿರಣಿ ಆರಂಭವಾದಾಗ ನಮ್ಮ ದೇಶದ ಫ್ಯಾಕ್ಟರಿ ಕಾನೂನು 1881ರದ್ದು. ಅದರ ಪ್ರಕಾರ ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದಾಗಿತ್ತು. ಪೇಸ್ಲಿಯ ಮಗುವಿಗೆ ಅರ್ಧ ದಿನದ ಶಾಲೆಯಾದರೂ ಇತ್ತು; ಇಲ್ಲಿಯ ಮಗುವಿಗೆ ಅದೂ ಇಲ್ಲ.

1908ರ ಫೆಬ್ರವರಿ ಕೊನೆಯಲ್ಲಿ ಕೋರಲ್ ಮಿಲ್ಸಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಂದೆ ನಿಂತವರು ವಕೀಲರಾದ ವಿ. ಓ. ಚಿದಂಬರಂ ಪಿಳ್ಳೆ, ಅವರ ಜೊತೆಗೆ ಸುಬ್ರಹ್ಮಣ್ಯ ಶಿವ. ಬ್ರಿಟಿಷರ ಹಡಗು ಕಂಪನಿಗೆ ಎದುರಾಗಿ 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದ ಧೀರರು ಪಿಳ್ಳೆಯವರು. ಊರಿನವರು ಮುಷ್ಕರಗಾರರ ಹೊಟ್ಟೆಪಾಡಿಗೆ ನೆರವಾದರು. ಹತ್ತು ಹನ್ನೆರಡು ದಿನಗಳೊಳಗೆ ಕಂಪನಿ ಮಣಿಯಿತು. ಕೂಲಿ ಏರಿತು, ಭಾನುವಾರದ ರಜೆ ಸಿಕ್ಕಿತು. ಅದರ ಬೆಲೆಯನ್ನು ಪಿಳ್ಳೆಯವರು ತೆತ್ತರು. ಮಾರ್ಚ್ 12ರಂದು ಅವರನ್ನು ಹಿಡಿದರು, ರಾಜದ್ರೋಹದ ಶಿಕ್ಷೆ ಕೊಟ್ಟರು, ಕೊಯಮತ್ತೂರಿನ ಜೈ಼ಲಿನಲ್ಲಿ ಎತ್ತಿನ ಬದಲು ಗಾಣಕ್ಕೆ ಕಟ್ಟಿ ಎಣ್ಣೆ ತೆಗೆಸಿದರು. 1912ರ ಕೊನೆಯಲ್ಲಿ ಬಿಡುಗಡೆಯಾಗಿ ಹೊರಬಂದಾಗ ಅವರ ಹಡಗು ಕಂಪನಿ ಇರಲಿಲ್ಲ. ಭಾನುವಾರದ ರಜೆಯನ್ನು ಯಾವ ಧಣಿಯೂ ಶಿಲಾಫಲಕ ಹಾಕಿಸಿ ಕೊಟ್ಟದ್ದಲ್ಲ ಎಂಬುದನ್ನು ವಾರದ ರಜೆಯ ದಿನ ಮಲಗಿ ಏಳುವಾಗಲಾದರೂ ನಾವು ನೆನೆಯಬಹುದು.

ಹಾರ್ವೆಯವರ ಮಧುರಾ ಮಿಲ್ಸೂ ಕೋಟ್ಸರ ಭಾರತದ ಕಂಪನಿಯೂ 1974ರಲ್ಲಿ ಒಂದಾಗಿ ‘ಮಧುರಾ ಕೋಟ್ಸ್’ ಆಯಿತು. ಬೆಂಗಳೂರಿನಲ್ಲಿ ಅದರ ಕಚೇರಿ ನಿಂತಿತು. ಸಿದ್ಧ ಉಡುಪಿನ ‘ಮಧುರಾ ಗಾರ್ಮೆಂಟ್ಸ್’ ಎಂಬ ಶಾಖೆಯೂ ಬೆಂಗಳೂರಿನಲ್ಲಿ ಬೆಳೆಯಿತು. ಅದನ್ನು 1999-2000ದಲ್ಲಿ ಬಿರ್ಲಾ ಬಳಗಕ್ಕೆ ಮಾರಿದರು. ಹೀಗೆ ದಾರ ನಮ್ಮ ನಾಡನ್ನು ಮುಟ್ಟಿತು. ಆ ಹೊತ್ತಿಗೆ ಬೆಂಗಳೂರು ದೊಡ್ಡ ಗಾರ್ಮೆಂಟ್ ಊರಾಗಿತ್ತು. ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಳಕು ಹರಿಯುವ ಮುಂಚೆ ಮುದ್ದೆ ಕಟ್ಟಿಟ್ಟು ಪೀಣ್ಯ, ಬೊಮ್ಮನಹಳ್ಳಿಯ ಕಾರ್ಖಾನೆಗಳಿಗೆ ಬರುತ್ತಾರೆ. ಅವರ ತಲೆಯ ಮೇಲೆ ಕೋನು ಕೋನಾಗಿ ಸುತ್ತಿಟ್ಟ ದಾರ ಇಳಿಯುತ್ತಿರುತ್ತದೆ.

2016ರ ಫೆಬ್ರವರಿಯಲ್ಲಿ ದಿಲ್ಲಿಯಿಂದ ಒಂದು ಹೊಸ ನಿಯಮ ಬಂತು. ಪ್ರಾವಿಡೆಂಟ್ ಫಂಡಿನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು. ಹತ್ತು ಹದಿನೈದು ವರ್ಷ ಹೊಲಿದು ಸೊಂಟ ಬಿದ್ದುಹೋದ ಹೆಣ್ಣುಮಗಳಿಗೆ ಅದೇ ಗಂಟು; ಮಗಳ ಮದುವೆ, ಮಗನ ಫೀಸು, ಗಂಡನ ಆಸ್ಪತ್ರೆ ಎಲ್ಲಕ್ಕೂ ಅದೇ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಯಂತ್ರ ನಿಲ್ಲಿಸಿ ಹೊಸೂರು ರಸ್ತೆಗೂ ಪೀಣ್ಯದ ರಸ್ತೆಗಳಿಗೂ ಬಂದರು. ಯಾವ ದೊಡ್ಡ ನಾಯಕನೂ ಕರೆದಿರಲಿಲ್ಲ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಬೆಂಕಿ ಇಟ್ಟದ್ದನ್ನು ನಾನು ಸಮರ್ಥಿಸುವವನಲ್ಲ. ಆದರೆ ಎರಡನೆಯ ದಿನವೇ ಕೇಂದ್ರ ಸರಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಹಾಗೆ ಉಳಿದದ್ದು ಬೆಂಗಳೂರಿನ ಹೆಂಗಸರ ಹಣ ಮಾತ್ರವಲ್ಲ. ದೇಶದ ಎಲ್ಲ ಕಾರ್ಮಿಕರ ಹಣ. ಮುಂಬಯಿಯ ಹೊಟೇಲಿನ ಮಾಣಿಗೂ ಅದರಲ್ಲಿ ಪಾಲಿದೆ, ಅವನ ಹೆಸರು ಫಂಡಿನ ಪುಸ್ತಕದಲ್ಲಿದ್ದರೆ.

ಈ ‘ಇದ್ದರೆ’ ಎಂಬ ಮಾತಿನ ಮೇಲೆಯೇ ನನ್ನ ಲೇಖನವೆಲ್ಲ ನಿಂತಿದೆ. ನಮ್ಮವರಲ್ಲಿ ಎಷ್ಟು ಮಂದಿಯ ಹೆಸರಿದೆ? ಕಳೆದ ವರ್ಷ ಹಿರಿಯರೊಬ್ಬರು ಸಂಘದ ಕಚೇರಿಗೆ ಬಂದಿದ್ದರು. ಇಪ್ಪತ್ತೇಳು ವರ್ಷ ಒಂದೇ ಹೊಟೇಲಿನ ಭಟ್ಟಿಯ ಮುಂದೆ ನಿಂತವರು. ಧಣಿ ಅವರನ್ನು ಮನೆಯವರಂತೆಯೇ ನೋಡಿಕೊಂಡರಂತೆ. ಜ್ವರ ಬಂದರೆ ಡಾಕ್ಟರು, ವರ್ಷಕ್ಕೊಮ್ಮೆ ಊರಿಗೆ ಹೋಗಲು ಖರ್ಚು, ಹಬ್ಬಕ್ಕೆ ಬಟ್ಟೆ. ಧಣಿ ತೀರಿಕೊಂಡರು. ಮಗ ಹೊಟೇಲನ್ನು ಬೇರೆಯವರಿಗೆ ನಡೆಸಲು ಕೊಟ್ಟ. ಹೊಸಬರು, “ನೀವು ಯಾರು? ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲವಲ್ಲ” ಎಂದರು. ಹೇಳಿದ್ದು ಸುಳ್ಳೂ ಅಲ್ಲ. ಇಪ್ಪತ್ತೇಳು ವರ್ಷದ ದುಡಿಮೆಗೆ ಸಾಕ್ಷಿಯಾಗಿ ಅವರ ಕೈಯಲ್ಲಿ ಇದ್ದದ್ದು ಧಣಿಯ ಮನೆಯ ಮದುವೆಯ ಒಂದು ಫೋಟೋ, ಹಿಂದಿನ ಸಾಲಿನಲ್ಲಿ ಬಡಿಸುವ ಬಕೆಟ್ಟು ಹಿಡಿದು ನಿಂತದ್ದು. ನಾವು ಏನು ಮಾಡಲು ಸಾಧ್ಯವಿತ್ತು? ಆ ಧಣಿ ಕೆಟ್ಟವರೆಂದು ನಾನು ಹೇಳಲಾರೆ. ಬರೆದಿಡದ ಒಳ್ಳೆಯತನ ಅವರೊಡನೆಯೇ ಹೋಯಿತು.

ಗಿರಣಿಯವರ ಅನುಭವ ಇದಕ್ಕೆ ಎದುರಾದ ಇನ್ನೊಂದು ಮಾತು ಹೇಳುತ್ತದೆ. 1982ರ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದ ಮುಷ್ಕರ ಸೋತಿತು, ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ಆದರೆ ಮೂವತ್ತು ವರ್ಷಗಳ ನಂತರ, 2012ರಲ್ಲಿ, ಮ್ಹಾಡಾದವರು ಗಿರಣಿಯ ಜಾಗದಲ್ಲಿ ಕಟ್ಟಿದ ಮನೆಗಳನ್ನು ಹಳೆಯ ಕಾರ್ಮಿಕರಿಗೆ ಲಾಟರಿಯಿಂದ ಹಂಚಲಾರಂಭಿಸಿದಾಗ ಕೇಳಿದ್ದು ಏನು? 1982ರ ಜನವರಿ 1ರಂದು ಅಥವಾ ಆಮೇಲೆ ಗಿರಣಿಯ ಪಟ್ಟಿಯಲ್ಲಿ ಹೆಸರಿತ್ತೆಂಬುದಕ್ಕೆ ಆಧಾರ. ಟಿಕೆಟ್ ಪಾಸು, ಇ.ಎಸ್.ಐ. ಕಾರ್ಡು, ಫಂಡಿನ ಚೀಟಿ, ಹಾಜರಿ ಪುಸ್ತಕದ ಹಾಳೆ. ಬದಲಿ ಕಾರ್ಮಿಕನೂ ಅಂಥ ಒಂದು ಚೂರು ಕಾಗದವಿದ್ದರೆ ಅರ್ಜಿ ಹಾಕಬಹುದಾಗಿತ್ತು. ಮನೆ ಎಲ್ಲರಿಗೂ ಸಿಕ್ಕಲಿಲ್ಲ, ಕಾದು ಕಾದು ಕಣ್ಣುಮುಚ್ಚಿದವರೂ ಇದ್ದಾರೆ, ಅದು ಬೇರೆಯೇ ದುಃಖ. ಆದರೆ ಟ್ರಂಕಿನ ತಳದಲ್ಲಿ ಹಾಸಿದ ಪೇಪರಿನ ಕೆಳಗೆ ಆ ಚೀಟಿಯನ್ನು ಜೋಪಾನ ಮಾಡಿದ ಗೃಹಿಣಿಯರು ಸರದಿಯಲ್ಲಿ ನಿಲ್ಲಲಾದರೂ ಯೋಗ್ಯರಾದರು. ಮುಂಬಯಿಯ ಹೊಟೇಲು ಕಾರ್ಮಿಕರನ್ನು 1950ರ ದಶಕದಲ್ಲಿ ಸಂಘಟಿಸಿದ, ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರ ಕಾಲದಿಂದಲೂ ಹೊಟೇಲಿನವರ ಬೇಡಿಕೆ ಇದೇ: ಹೆಸರು ಬರೆಯಿರಿ, ಗಂಟೆ ಬರೆಯಿರಿ, ಪಗಾರ ಬರೆಯಿರಿ.

“ಹಾಗಾದರೆ ಧಣಿಯೊಡನೆ ಜಗಳವಾಡಬೇಕೇ?” ಎಂದು ಕೇಳುವಿರಿ. ಆಡಬೇಕಾಗಿಲ್ಲ. ಅರ್ಧ ಪೆನ್ನಿಯ ರೀಲಿಗೂ ಲೆಕ್ಕ ಇಟ್ಟ ಕ್ಲಾರ್ಕರನ್ನು ಯಾರೂ ಜಗಳಗಂಟರೆನ್ನಲಿಲ್ಲ. ತನ್ನ ಹತ್ತು ಗಂಟೆಗಳಿಗೆ ಲೆಕ್ಕ ಇಡುವ ಮಾಣಿಯನ್ನು ಮಾತ್ರ ಏಕೆ ಹಾಗೆನ್ನಬೇಕು? ದೇವಸ್ಥಾನಕ್ಕೆ ಧಣಿ ಕೊಟ್ಟದ್ದನ್ನು ಕೈಮುಗಿದು ಸ್ವೀಕರಿಸೋಣ, ಉತ್ಸವದಲ್ಲಿ ಅವರ ಹೆಸರನ್ನು ಮೊದಲು ಕೂಗೋಣ. ತಿಂಗಳ ಕೊನೆಗೆ ಚೀಟಿಯನ್ನೂ ಕೇಳೋಣ. ತಾನಾಗಿ ಪುಸ್ತಕ ಇಟ್ಟು ಫಂಡು ಕಟ್ಟುವ ಹೊಟೇಲು ಮಾಲೀಕರು ನಮ್ಮವರಲ್ಲಿಯೇ ಇದ್ದಾರೆ, ಅವರ ಹೊಟೇಲುಗಳೇನೂ ಮುಚ್ಚಿಹೋಗಿಲ್ಲ.

ಮುಂದಿನ ತಿಂಗಳಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ, ಹೊಟೇಲಿನವರಿಗೆ ಎರಡು ಪಾಳಿಗಳ ನಡುವೆ ಬಿಡುವಿರುವ ಹೊತ್ತಿನಲ್ಲಿ, ಸಂಘದ ಕಚೇರಿಯಲ್ಲಿ ಇಬ್ಬರು ಕುಳಿತಿರಬೇಕೆಂದು ನನ್ನ ಸೂಚನೆ. ಯಾರ ಹೆಸರಿನಲ್ಲಿ ಫಂಡು ಕಟ್ಟಿದೆ, ಯಾರದ್ದು ಕಟ್ಟಿಲ್ಲ, ಯಾರ ಹೆಸರಿನ ಅಕ್ಷರ ತಪ್ಪಾಗಿದೆ ಎಂಬುದನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಓದು ಬಲ್ಲ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಾರ್ಮಿಕ ಬಂಧುಗಳು ತಮ್ಮಲ್ಲಿರುವ ಕಾಗದಪತ್ರಗಳನ್ನೆಲ್ಲ ತರಬೇಕು: ಪಗಾರದ ಚೀಟಿ, ಹಳೆಯ ಗುರುತಿನ ಕಾರ್ಡು, ಬ್ಯಾಂಕಿನ ಪುಸ್ತಕ, ಧಣಿ ಕೈಯಾರೆ ಬರೆದುಕೊಟ್ಟ ಪತ್ರ ಯಾವುದೇ ಇರಲಿ. ಎಣ್ಣೆಯ ಕಲೆಯಾಗಿದ್ದರೂ, ಮಡಿಕೆಯಲ್ಲಿ ಹರಿದಿದ್ದರೂ ಅಡ್ಡಿಯಿಲ್ಲ.